ಸಮ್ಮೇಳನದಿಂದ ಮನೆಗೆ ತರುವುದೇನು?

‘ಹೋದ ಪುಟ್ಟ, ಬಂದ ಪುಟ್ಟ’ ಎಂಬ ಮಾತು ನಿಮಗೆಲ್ಲ ಗೊತ್ತು. ಕೆಲಸಕ್ಕೆಂದು ಹೊರಟವನು ಏತಕ್ಕೆ ಹೋದೆನೆಂಬುದನ್ನೇ ಮರೆತು ಬರಿಗೈಯಲ್ಲಿ ಮರಳಿದರೆ ಹಿರಿಯರು ಹೀಗೆನ್ನುವುದುಂಟು. ಸಾಹಿತ್ಯ ಸಮ್ಮೇಳನಗಳಿಗೆ ಹೋಗಿ ಬರುವ ನಮ್ಮಲ್ಲಿ ಅನೇಕರ ಸ್ಥಿತಿ ಇದಕ್ಕಿಂತ ಬೇರೆಯಲ್ಲ. ಹೋಗಿ ಬಂದವರನ್ನು ವಿಚಾರಿಸಿ ನೋಡಿ. ಮೆರವಣಿಗೆ ಹೇಗಿತ್ತು? ಬಹಳ ಚೆನ್ನಾಗಿತ್ತು. ಊಟ? ಪಾಯಸವೂ ಇತ್ತು. ಜನ? ಕಾಲಿಡಲು ಸ್ಥಳವಿರಲಿಲ್ಲ. ಅಧ್ಯಕ್ಷರು ಏನು ಹೇಳಿದರು? ಇಲ್ಲಿ ಉತ್ತರ ಸ್ವಲ್ಪ ತಡವಾಗುತ್ತದೆ. ಮನೆಗೆ ಏನು ತಂದಿರಿ? ಇಲ್ಲಿ ಉತ್ತರವೇ ಇಲ್ಲ.

ಈ ಕೊನೆಯ ಪ್ರಶ್ನೆಯನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಕವಿಗಳಿಗೂ ವಿದ್ವಾಂಸರಿಗೂ ನನ್ನ ಸಲಹೆ ಬೇಕಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸಿ, ಸಂಜೆಯ ಹೊತ್ತು ಆ ಮಕ್ಕಳ ಪಕ್ಕದಲ್ಲಿ ಕುಳಿತು ‘ಏನು ಓದಿದೆ?’ ಎಂದು ಕೇಳುವ ತಾಯಿತಂದೆಯರಿಗಾಗಿ ಈ ಮಾತು.

ಅಮೆರಿಕ ದೇಶದಲ್ಲಿ ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಓದಿಸುವ ಕುಟುಂಬಗಳು ಲಕ್ಷಗಟ್ಟಲೆ ಇವೆ. ಅಂತಹ ತಾಯಿತಂದೆಯರು ಆಗಾಗ ಒಂದು ಊರಿನಲ್ಲಿ ಸಮಾವೇಶ ಸೇರುತ್ತಾರೆ. ಅಲ್ಲಿ ಉಪನ್ಯಾಸಗಳುಂಟು, ಪುಸ್ತಕದ ಅಂಗಡಿಗಳುಂಟು, ಅನುಭವ ಹಂಚಿಕೊಳ್ಳುವ ಕೂಟಗಳುಂಟು. ಅಲ್ಲಿಗೆ ಹೊರಡುವವರು ಮಗುವಿಗೆ ಏನು ಬೇಕೆಂಬುದನ್ನು ಮೊದಲೇ ಗೊತ್ತುಮಾಡಿಕೊಂಡು ಹೋಗುತ್ತಾರೆ. ನಮ್ಮ ದೇಶದಲ್ಲಿ 2009ರ ಶಿಕ್ಷಣ ಹಕ್ಕು ಕಾಯಿದೆಯು 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣವನ್ನು ವಿಧಿಸಿದೆ. ಮಕ್ಕಳು ಶಾಲೆಗೆ ಹೋಗುತ್ತಾರೆ, ಹೋಗಬೇಕು. ಆದರೆ ಶಾಲೆಯ ಗಂಟೆ ಹೊಡೆದೊಡನೆ ಕಲಿಕೆ ಮುಗಿಯಿತೆಂದು ಯಾರೂ ಹೇಳಲಾರರು. ಮನೆಯ ಭಾಷೆ ಒಂದು, ಶಾಲೆಯ ಭಾಷೆ ಇನ್ನೊಂದು ಆಗಿರುವ ನಮ್ಮ ಗಡಿನಾಡಿನಲ್ಲಂತೂ ಪ್ರತಿಯೊಂದು ಮನೆಯೂ ಅರ್ಧ ಶಾಲೆಯೇ. ಹೀಗಿರುವಲ್ಲಿ ನಮ್ಮ ತಾಯಿತಂದೆಯರಿಗೆ ಅಂತಹ ಸಮಾವೇಶ ಯಾವುದು ಎಂದರೆ, ನನ್ನ ಉತ್ತರ ಸಾಹಿತ್ಯ ಸಮ್ಮೇಳನ. ರಾಜ್ಯದ ದೊಡ್ಡ ಸಮ್ಮೇಳನವೇ ಆಗಬೇಕೆಂದಿಲ್ಲ. ಜಿಲ್ಲೆಯದಾಗಲಿ, ತಾಲ್ಲೂಕಿನದಾಗಲಿ ಸಾಕು.

‘ನಮಗೂ ಸಾಹಿತ್ಯಕ್ಕೂ ಏನು ಸಂಬಂಧ ಸ್ವಾಮಿ?’ ಎಂದು ನೀವು ಕೇಳಬಹುದು. ಸಂಬಂಧ ಹಳೆಯದು. ಸಾಹಿತ್ಯ ಪರಿಷತ್ತು 1915ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿತು. ಒಂಬತ್ತು ವರ್ಷ ಕಳೆಯುವಷ್ಟರಲ್ಲಿ, 1924ರಲ್ಲಿ, ಹತ್ತನೆಯ ಸಮ್ಮೇಳನ ನಮ್ಮ ಕೋಲಾರದಲ್ಲಿಯೇ ನೆರವೇರಿತು; ಹೊಸಕೋಟೆ ಕೃಷ್ಣಶಾಸ್ತ್ರಿಗಳು ಅದರ ಅಧ್ಯಕ್ಷರಾಗಿದ್ದರು. ಮಾಲೂರು ತಾಲ್ಲೂಕಿನ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1929ರಲ್ಲಿ ಬೆಳಗಾವಿಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. ಮುಳಬಾಗಿಲಿನಲ್ಲಿ ಜನಿಸಿದ ಡಿ. ವಿ. ಗುಂಡಪ್ಪನವರು 1932ರಲ್ಲಿ ಮಡಿಕೇರಿಯಲ್ಲಿ ಅದೇ ಪೀಠದಲ್ಲಿ ಕುಳಿತರು. ಕಾಲೇಜಿನ ಮೆಟ್ಟಿಲು ಹತ್ತದ ಆ ಮಹನೀಯರು ವಿದ್ಯೆಯನ್ನು ಸ್ವಂತ ವ್ಯಾಸಂಗದಿಂದಲೂ ವಿದ್ವಾಂಸರ ಒಡನಾಟದಿಂದಲೂ ಪಡೆದವರು. 1984ರಲ್ಲಿ ಕೈವಾರದಲ್ಲಿ ಸಮ್ಮೇಳನ ನಡೆದಾಗ ಆ ಊರು ಕೋಲಾರ ಜಿಲ್ಲೆಗೇ ಸೇರಿತ್ತು. 2007ರಿಂದ ಅದು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿದೆ. ಕೈವಾರದ ನಾರೇಯಣ ತಾತಯ್ಯನವರು ತೆಲುಗಿನಲ್ಲಿಯೂ ಕನ್ನಡದಲ್ಲಿಯೂ ಹಾಡಿದ ಸಂತರೆಂಬುದನ್ನು ಇಲ್ಲಿ ನೆನೆಯಬೇಕು. ಎರಡು ಭಾಷೆಯ ಸಂತನ ಊರಿನಲ್ಲಿ ಕನ್ನಡದ ಸಮ್ಮೇಳನ ನಡೆಯಿತು. ಎರಡು ಭಾಷೆಯ ಮನೆಯವರು ಅಲ್ಲಿಗೆ ಹೋಗಲು ಏಕೆ ಹಿಂಜರಿಯಬೇಕು?

ಮುಳಬಾಗಿಲು, ಶ್ರೀನಿವಾಸಪುರದ ಕಡೆಯ ಹಳ್ಳಿಗಳಲ್ಲಿ ನಾನು ಮತ್ತೆ ಮತ್ತೆ ಕೇಳಿದ ಮಾತೊಂದಿದೆ: ‘ಮೇಷ್ಟ್ರೇ, ನಾವು ಮನೆಯಲ್ಲಿ ತೆಲುಗು ಆಡುವವರು. ಮಗುವಿನ ಕನ್ನಡಕ್ಕೆ ನಾವೇನು ಮಾಡೋಕಾಗುತ್ತೆ? ನೀವೇ ನೋಡಿಕೊಳ್ಳಬೇಕು.’ ಮಾತಿನಲ್ಲಿ ವಿನಯವಿದೆ, ವಿಶ್ವಾಸವಿದೆ. ಆದರೆ ಅದರೊಳಗೆ ಒಂದು ಸೋಲೂ ಅಡಗಿದೆ. ಇಂತಹ ಮನೆಯ ಮಗು ಎಂಟನೆಯ ತರಗತಿಗೆ ಬಂದಾಗ ಏನಾಗಿರುತ್ತದೆ ಬಲ್ಲಿರಾ? ಅಕ್ಷರವೆಲ್ಲ ಬರುತ್ತದೆ. ಪಾಠವನ್ನು ತಡವರಿಸದೆ ಓದುತ್ತದೆ. ‘ಇದರ ಅರ್ಥವೇನಮ್ಮ?’ ಎಂದು ಕೇಳಿದರೆ ತಲೆ ತಗ್ಗಿಸುತ್ತದೆ. ಓದು ನಾಲಿಗೆಯ ಮೇಲೆ ನಿಂತಿದೆ, ಒಳಗೆ ಇಳಿದಿಲ್ಲ. ನಾಲ್ಕಾರು ವರ್ಷ ಹೀಗೆ ತಲೆ ತಗ್ಗಿಸಿದ ಮಗು ‘ನನಗೆ ವಿದ್ಯೆ ಹತ್ತುವುದಿಲ್ಲ’ ಎಂದು ತೀರ್ಮಾನಿಸಿಬಿಡುತ್ತದೆ. ಆಮೇಲೆ ಗಂಡುಮಗುವಾದರೆ ಟೊಮೆಟೊ ಮಂಡಿಗೋ ಇಟ್ಟಿಗೆ ಗೂಡಿಗೋ ಕೆಲಸಕ್ಕೆ. ಹೆಣ್ಣುಮಗುವಾದರೆ ಮದುವೆಯ ಮಾತು. ಬುದ್ಧಿ ಕಡಿಮೆಯಾದುದರಿಂದ ಹೀಗಾದುದಲ್ಲ. ಎರಡು ಭಾಷೆಗಳ ನಡುವೆ ಕೈಹಿಡಿದು ದಾಟಿಸುವವರು ಇರಲಿಲ್ಲ, ಅಷ್ಟೆ.

ಮನೆಮಾತು ಬೇರೆಯಾದರೆ ಕನ್ನಡ ಬಾರದೆಂಬುದು ಸುಳ್ಳು. ಮಾಸ್ತಿಯವರ ಮನೆಮಾತು ತಮಿಳು. ದ. ರಾ. ಬೇಂದ್ರೆಯವರ ಮನೆಮಾತು ಮರಾಠಿ. ಅವರು 1943ರಲ್ಲಿ ಶಿವಮೊಗ್ಗದ ಸಮ್ಮೇಳನಕ್ಕೆ ಅಧ್ಯಕ್ಷರು. ಕೆ. ಎಸ್. ನಿಸಾರ್ ಅಹಮದ್ ಅವರ ಮನೆಮಾತು ಉರ್ದು. ಅದೇ ಶಿವಮೊಗ್ಗದಲ್ಲಿ ಸೇರಿದ 73ನೆಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರು. ನಿಮ್ಮ ಮಗು ಕವಿಯಾಗಲೇಬೇಕೆಂದು ನಾನು ಹೇಳುತ್ತಿಲ್ಲ. ಮನೆಯ ಭಾಷೆ ಅಡ್ಡಗೋಡೆಯಲ್ಲ, ಬಾಗಿಲು ಎಂಬುದನ್ನು ಈ ಮೂವರು ಕಣ್ಣಿಗೆ ಕಟ್ಟುವಂತೆ ತೋರಿಸಿದ್ದಾರೆ. ಆ ಬಾಗಿಲನ್ನು ತೆರೆಯುವ ಬಗೆ ಕೇಳಿ ತಿಳಿಯುವುದಕ್ಕೆ ಸಮ್ಮೇಳನದಂತಹ ಸ್ಥಳ ಇನ್ನೊಂದಿಲ್ಲ. ಉಪಾಧ್ಯಾಯರು, ಲೇಖಕರು, ಪುಸ್ತಕ ಪ್ರಕಾಶಕರು, ನಿಮ್ಮಂತಹ ಇತರ ತಾಯಿತಂದೆಯರು, ಎಲ್ಲರೂ ಒಂದೇ ಚಪ್ಪರದ ಕೆಳಗೆ ಸಿಕ್ಕುವುದು ಅಲ್ಲಿ ಮಾತ್ರ.

ಇನ್ನು ಹೋಗುವ ಬಗೆಯನ್ನು ನೋಡೋಣ. ಸಿದ್ಧತೆ ಮನೆಯಲ್ಲಿಯೇ ಆರಂಭವಾಗಬೇಕು. ಹೊರಡುವುದಕ್ಕೆ ಒಂದು ವಾರ ಮೊದಲು ಮಗುವನ್ನು ಹತ್ತಿರ ಕೂರಿಸಿಕೊಂಡು ಅದರ ಪಠ್ಯಪುಸ್ತಕದ ಒಂದು ಪುಟವನ್ನು ಓದಿಸಿ. ಎಲ್ಲಿ ನಿಲ್ಲುತ್ತದೆ, ಯಾವ ಒತ್ತಕ್ಷರಕ್ಕೆ ತೊದಲುತ್ತದೆ, ಓದಿದುದನ್ನು ತನ್ನ ಮಾತಿನಲ್ಲಿ ಹೇಳಬಲ್ಲುದೆ ಎಂಬುದನ್ನು ಗಮನಿಸಿ. ನಿಮಗೆ ಓದಲು ಬಾರದಿದ್ದರೂ ಚಿಂತೆಯಿಲ್ಲ. ಮಗು ನಿಂತದ್ದು ಕಿವಿಗೆ ತಿಳಿಯುತ್ತದೆ, ‘ಏನು ಕಥೆ ಅದು, ನನಗೆ ಹೇಳು’ ಎಂದು ತೆಲುಗಿನಲ್ಲಿಯೇ ಕೇಳಬಹುದು. ಅನಂತರ ತರಗತಿಯ ಉಪಾಧ್ಯಾಯರನ್ನು ಕಂಡು ‘ನಮ್ಮ ಮಗುವಿಗೆ ಈಗ ಮುಖ್ಯವಾಗಿ ಬೇಕಾದುದೇನು?’ ಎಂದು ವಿಚಾರಿಸಿ. ಇವೆರಡರಿಂದ ದೊರೆತದ್ದನ್ನು ಒಂದೇ ವಾಕ್ಯವಾಗಿ ಒಂದು ಚೀಟಿಯಲ್ಲಿ ಬರೆಯಿರಿ, ಇಲ್ಲವೆ ಮಗುವಿನ ಕೈಯಲ್ಲೇ ಬರೆಸಿ. ‘ಓದುತ್ತಾಳೆ, ಅರ್ಥವಾಗುವುದಿಲ್ಲ’ ಎಂದೋ, ‘ಮಾತನಾಡುತ್ತಾನೆ, ಬರೆಯುವಾಗ ತಪ್ಪುತ್ತಾನೆ’ ಎಂದೋ. ಸಮ್ಮೇಳನದ ಮೂರು ಸಾವಿರ ಮಾತುಗಳಲ್ಲಿ ನಿಮಗೆ ಬೇಕಾದ ಮೂವತ್ತನ್ನು ಈ ಚೀಟಿ ಸೋಸಿ ಕೊಡುತ್ತದೆ.

ಆಮಂತ್ರಣ ಪತ್ರಿಕೆಯನ್ನು ಮೊದಲೇ ತರಿಸಿಕೊಳ್ಳಿ. ಶಾಲೆಯಲ್ಲಿ ಕೇಳಿದರೆ ಸಿಕ್ಕುತ್ತದೆ. ಅದರಲ್ಲಿ ಹೆಸರುಗಳು ಬಹಳ, ವೇಳೆ ಸ್ವಲ್ಪ. ಮೆರವಣಿಗೆ, ಧ್ವಜಾರೋಹಣ, ಉದ್ಘಾಟನೆ, ಅಧ್ಯಕ್ಷ ಭಾಷಣ, ಗೋಷ್ಠಿಗಳು, ಕವಿಗೋಷ್ಠಿ, ಬಹಿರಂಗ ಅಧಿವೇಶನ, ಸನ್ಮಾನ, ರಾತ್ರಿ ಸಾಂಸ್ಕೃತಿಕ ಕಾರ್ಯಕ್ರಮ ಎಂದು ಸಾಲುಗಟ್ಟಿರುತ್ತದೆ. ಎಲ್ಲದಕ್ಕೂ ಕುಳಿತುಕೊಳ್ಳುವೆನೆಂದರೆ ಯಾವುದೂ ದಕ್ಕುವುದಿಲ್ಲ. ಶಿಕ್ಷಣ, ಮಕ್ಕಳ ಸಾಹಿತ್ಯ, ಗಡಿನಾಡಿನ ಭಾಷೆ ಎಂಬ ಮಾತುಗಳಿರುವ ಗೋಷ್ಠಿಗೆ ಗೆರೆ ಎಳೆದುಕೊಳ್ಳಿ. ದಿನಕ್ಕೆ ಒಂದು ಗೋಷ್ಠಿ, ಒಂದು ಸುತ್ತು ಪುಸ್ತಕದ ಮಳಿಗೆ, ಇಬ್ಬರು ಮೂವರೊಡನೆ ಮಾತು. ಇಷ್ಟು ನಡೆದರೆ ಆ ದಿನ ಸಾರ್ಥಕ. ಒಂದು ಎಚ್ಚರಿಕೆ: ನಮ್ಮ ಸಮ್ಮೇಳನಗಳು ಹೊತ್ತಿಗೆ ಸರಿಯಾಗಿ ಆರಂಭವಾಗುವುದು ಅಪರೂಪ. ಹನ್ನೊಂದಕ್ಕೆಂದು ಅಚ್ಚಾದ ಗೋಷ್ಠಿ ಒಂದಕ್ಕೆ ಆರಂಭವಾದೀತು. ಆ ಬಿಡುವನ್ನು ಬೈಯುತ್ತ ಕಳೆಯದೆ ಮಳಿಗೆಗಳಿಗೆ ಬಳಸಿಕೊಳ್ಳುವವನೇ ಜಾಣ.

ಬೆಳಗಿನ ಹಾಲನ್ನು ಡೈರಿಗೆ ಹಾಕಿ, ಮೊದಲ ಬಸ್ಸಿಗೆ ಹೊರಟರೆ ಮುಳಬಾಗಿಲಿನಿಂದಾಗಲಿ ಶ್ರೀನಿವಾಸಪುರದಿಂದಾಗಲಿ ಕೋಲಾರ ದೂರವಲ್ಲ; ಮಾಲೂರಿನವರಿಗೂ ಅಷ್ಟೆ. ಮಾವಿನ ಸುಗ್ಗಿಯಲ್ಲಿ ಮನೆಮಂದಿಯೆಲ್ಲ ಹೊರಡಲಾಗದು, ಒಬ್ಬರಾದರೂ ಹೊರಡಿ. ತಂದೆಯೇ ಹೋಗಬೇಕೆಂಬ ನಿಯಮವೇನೂ ಇಲ್ಲ. ಸಂಜೆ ಮಗುವಿನ ಬಳಿ ಕೂರುವವರು ಯಾರೋ ಅವರು ಹೋಗುವುದು ಲೇಸು. ಅದು ತಾಯಿಯಾಗಿರಬಹುದು, ಅಕ್ಕನಾಗಿರಬಹುದು, ಅಜ್ಜಿಯೇ ಆಗಿರಬಹುದು. ಒಂದು ಬಟ್ಟೆಚೀಲ, ಕುಡಿಯುವ ನೀರು, ಪೆನ್ನು, ಸಣ್ಣ ನೋಟುಪುಸ್ತಕ, ಇಷ್ಟು ಜೊತೆಗಿರಲಿ. ಪುಸ್ತಕಕ್ಕೆಂದು ಹಣವನ್ನು ಬೇರೆಯಾಗಿಯೇ ಕಟ್ಟಿಕೊಳ್ಳಿ. ಐನೂರು ರೂಪಾಯಿಯೋ ಇನ್ನೂರೋ, ನಿಮ್ಮ ಶಕ್ತಿಗೆ ತಕ್ಕಷ್ಟು. ಬೇರೆ ಕಟ್ಟದಿದ್ದರೆ ಅದು ಬಳೆಯಂಗಡಿಗೂ ಬಜ್ಜಿಯಂಗಡಿಗೂ ಸಲ್ಲುವುದು ನಿಶ್ಚಯ.

ಪುಸ್ತಕದ ಮಳಿಗೆ ಸಮ್ಮೇಳನದ ಹೃದಯ. ಮೊದಲ ಸುತ್ತಿನಲ್ಲಿ ಏನನ್ನೂ ಕೊಳ್ಳಬೇಡಿ, ಬರಿದೆ ನೋಡಿ. ಎರಡನೆಯ ಸುತ್ತಿನಲ್ಲಿ ಕೊಳ್ಳಿ. ದೊಡ್ಡವರ ಕಾದಂಬರಿಗಳ ರಾಶಿಯ ಹಿಂದೆ ಮಕ್ಕಳ ಪುಸ್ತಕಗಳು ಅಡಗಿರುತ್ತವೆ, ಕೇಳಿ ತೆಗೆಸಬೇಕು. ನ್ಯಾಷನಲ್ ಬುಕ್ ಟ್ರಸ್ಟು, ನವಕರ್ನಾಟಕ, ಪ್ರಥಮ್ ಬುಕ್ಸ್ ಮೊದಲಾದ ಪ್ರಕಾಶನಗಳು ಕನ್ನಡದಲ್ಲಿ ಚಿತ್ರಗಳುಳ್ಳ ಸಣ್ಣ ಪುಸ್ತಕಗಳನ್ನು ಹೊರತಂದಿವೆ. ಆಯುವಾಗ ಮೂರು ಸಂಗತಿ ನೋಡಿ: ಅಕ್ಷರ ದಪ್ಪವಾಗಿರಬೇಕು, ವಾಕ್ಯ ಚಿಕ್ಕದಾಗಿರಬೇಕು, ಚಿತ್ರವನ್ನು ನೋಡಿದರೇ ಕಥೆಯ ಅರ್ಧ ತಿಳಿಯುವಂತಿರಬೇಕು. ಮಗು ಜೊತೆಯಲ್ಲಿದ್ದರೆ ಒಂದು ಪುಟವನ್ನು ಅಲ್ಲಿಯೇ ಓದಿಸಿ. ತಿಳಿಯದ ಪದ ಬಂದಾಗಲೆಲ್ಲ ಒಂದೊಂದು ಬೆರಳು ಮಡಿಸಲಿ. ಒಂದೇ ಪುಟದಲ್ಲಿ ಐದು ಬೆರಳೂ ಮಡಿಸಿಹೋದರೆ ಆ ಪುಸ್ತಕ ಮುಂದಿನ ವರ್ಷಕ್ಕಿರಲಿ. ‘ದೊಡ್ಡ ಪುಸ್ತಕ, ಒಳ್ಳೆಯ ಪುಸ್ತಕ, ಮುಂದಕ್ಕೆ ಬೇಕಾಗುತ್ತದೆ’ ಎಂದು ಕೊಂಡು ಪೆಟ್ಟಿಗೆಯಲ್ಲಿಡುವುದಕ್ಕಿಂತ, ಈ ರಾತ್ರಿಯೇ ಓದಿ ಮುಗಿಸುವ ಹದಿನಾರು ಪುಟದ ಪುಸ್ತಕ ಮೇಲು.

ಮಕ್ಕಳಿಗಾಗಿ ಬರೆಯುವುದು ಕೀಳೆಂದು ಯಾರಾದರೂ ಮೂಗು ಮುರಿದರೆ ಲಕ್ಷ್ಯ ಕೊಡಬೇಡಿ. ಶಾಲಾ ಮಾಸ್ತರರೂ ಇನ್ಸ್‌ಪೆಕ್ಟರರೂ ಆಗಿ ಮಕ್ಕಳಿಗೆ ಕಥೆ, ಹಾಡು ಬರೆದ ಪಂಜೆ ಮಂಗೇಶರಾಯರು 1934ರಲ್ಲಿ ರಾಯಚೂರು ಸಮ್ಮೇಳನದ ಅಧ್ಯಕ್ಷರಾಗಿದ್ದರು. ಶಿಶುಗೀತೆಗಳಿಂದ ಮನೆಮನೆಗೆ ಪರಿಚಿತರಾದ ಜಿ. ಪಿ. ರಾಜರತ್ನಂ ಅವರು 1978ರಲ್ಲಿ ದೆಹಲಿಯ ಸಮ್ಮೇಳನದ ಅಧ್ಯಕ್ಷರಾಗಿದ್ದರು.

ಗೋಷ್ಠಿಯಲ್ಲಿ ಕೇಳುವುದೂ ಒಂದು ವಿದ್ಯೆ. ಎಲ್ಲವನ್ನೂ ಬರೆದುಕೊಳ್ಳಹೋದರೆ ಕೈ ನೋಯುವುದಷ್ಟೆ. ನಾಳೆಯೇ ಮನೆಯಲ್ಲಿ ಮಾಡಬಹುದಾದ ಒಂದು ಕೆಲಸ, ವಿಚಾರಿಸಬೇಕಾದ ಒಂದು ಸಂದೇಹ, ಹುಡುಕಬೇಕಾದ ಒಂದು ಪುಸ್ತಕದ ಹೆಸರು: ಈ ಮೂರನ್ನು ಗುರುತುಹಾಕಿಕೊಂಡರೆ ಸಾಕು. ‘ಅದು ಪಂಡಿತರ ಗೋಷ್ಠಿ, ನನಗೇನು ಪ್ರಯೋಜನ?’ ಎಂದು ಎದ್ದು ಬರಬೇಡಿ. ಒಂದು ನಿದರ್ಶನ ಕೊಡುತ್ತೇನೆ. ಭಾಷಾಚರಿತ್ರೆಯನ್ನು ಕುರಿತ ಉಪನ್ಯಾಸದಲ್ಲಿ ವಿದ್ವಾಂಸರೊಬ್ಬರು, ಹಳಗನ್ನಡದಲ್ಲಿ ಪದಗಳ ಮೊದಲಲ್ಲಿದ್ದ ಪಕಾರವು ಹೊಸಗನ್ನಡದಲ್ಲಿ ಹಕಾರವಾಯಿತೆಂದು ಹೇಳುತ್ತಾರೆನ್ನಿ. ಶಾಸ್ತ್ರದ ವಿಷಯ, ಒಣ ವಿಷಯ. ಆದರೆ ಶ್ರೀನಿವಾಸಪುರದ ತಾಯಿಯೊಬ್ಬಳು ಕಿವಿಗೊಟ್ಟು ಕೇಳಿದರೆ ಏನು ಸಿಕ್ಕುತ್ತದೆ ನೋಡಿ. ಹಳಗನ್ನಡದ ಪಾಲ್ ಇಂದು ಹಾಲು. ಆಕೆಯ ತೆಲುಗಿನಲ್ಲಿ ಅದು ಪಾಲು. ಪುಲಿ ಹುಲಿಯಾಯಿತು, ತೆಲುಗಿನಲ್ಲಿ ಇಂದಿಗೂ ಪುಲಿ. ಪಂದಿ ಹಂದಿಯಾಯಿತು, ತೆಲುಗಿನಲ್ಲಿ ಪಂದಿಯೇ. ಪಾವು ಹಾವಾಯಿತು, ತೆಲುಗಿನ ಪಾಮು. ಪಣ್ ಹಣ್ಣಾಯಿತು, ತೆಲುಗಿನ ಪಂಡು. ಪೂ ಹೂವಾಯಿತು, ತೆಲುಗಿನ ಪುವ್ವು. ಪತ್ತು ಹತ್ತಾಯಿತು, ತೆಲುಗಿನ ಪದಿ. ಪೆಸರ್ ಹೆಸರಾಯಿತು, ತೆಲುಗಿನ ಪೇರು.

ಆ ತಾಯಿ ಸಂಜೆ ಮನೆಗೆ ಬಂದು, ಹಾಲು ಕಾಯಿಸುತ್ತ, ‘ನಮ್ಮ ಪಾಲು ನಿಮ್ಮ ಶಾಲೆಯಲ್ಲಿ ಹಾಲು, ನಮ್ಮ ಪುಲಿ ಅಲ್ಲಿ ಏನು ಹೇಳು?’ ಎಂದು ಮಗುವನ್ನು ಕೇಳಬಹುದು. ಮಗು ‘ಹುಲಿ’ ಎನ್ನುತ್ತದೆ. ಇದು ಆಟ, ಆಟದಲ್ಲಿ ಹತ್ತು ಪದದ ಅರ್ಥ ಒಂದೇ ಸಂಜೆ ಒಳಗಿಳಿಯುತ್ತದೆ. ಎಲ್ಲ ಪದಕ್ಕೂ ಇದು ನಡೆಯದು. ತೆಲುಗಿನ ಪಿಲ್ಲಿಯನ್ನು ಮಗು ‘ಹಿಲ್ಲಿ’ ಎಂದೀತು! ಆಗ ನಕ್ಕು, ‘ಅಲ್ಲ, ಅದು ಬೆಕ್ಕು’ ಎಂದು ತಿದ್ದಿದರಾಯಿತು; ನಕ್ಕು ಕಲಿತದ್ದು ಮರೆಯುವುದಿಲ್ಲ. ಮಾಲೂರಿನ ಕಡೆ ತಮಿಳು ಆಡುವ ಮನೆಗಳಿಗೂ ಈ ಆಟ ಸಲ್ಲುತ್ತದೆ. ಅಲ್ಲಿಯೂ ಪಾಲ್, ಪುಲಿ, ಪೂ ಉಂಟಷ್ಟೆ. ಉರ್ದು ಆಡುವ ಮನೆಗಳಿಗೆ ಬೇರೆ ದಾರಿಯಿದೆ. ಕಾಗದ, ಅರ್ಜಿ, ಜಮೀನು, ಜಿಲ್ಲೆ, ತಾಲ್ಲೂಕು, ಕಾನೂನು, ಸರ್ಕಾರ, ಇವೆಲ್ಲ ಪಾರಸಿ ಅರಬ್ಬಿಯ ಮೂಲದಿಂದ ಬಂದು ಕನ್ನಡಕ್ಕೂ ಉರ್ದುವಿಗೂ ಸಮಾನವಾದ ಮಾತುಗಳು. ಅಲ್ಲಿಂದ ಆರಂಭಿಸಬಹುದು. ಮಗುವಿಗೆ ತಿಳಿದುದರಿಂದ ತಿಳಿಯದುದಕ್ಕೆ ನಡೆಯಬೇಕೆಂಬ ಬೋಧನಕ್ರಮ ಇದೇ. ಇದಕ್ಕೆ ಪಂಡಿತ ಪರೀಕ್ಷೆ ಬೇಡ. ಮಗುವಿನ ಮನೆಮಾತು ಬಲ್ಲವರು ಬೇಕು. ಅದನ್ನು ನಿಮ್ಮಷ್ಟು ಬಲ್ಲವರು ಶಾಲೆಯಲ್ಲಿ ಇರುವುದು ಅಪರೂಪ.

ಪ್ರಶ್ನೆ ಕೇಳಲು ಅವಕಾಶ ಕೊಟ್ಟಾಗ ಎದ್ದು ನಿಲ್ಲಿ. ನಮ್ಮಲ್ಲಿ ಪ್ರಶ್ನೆಯ ಹೆಸರಿನಲ್ಲಿ ಇನ್ನೊಂದು ಭಾಷಣ ಮಾಡುವವರು ಕೆಲವರು, ಪ್ರಶ್ನೆಯನ್ನು ನುಂಗಿಕೊಂಡು ಮನೆಗೆ ಬರುವವರು ಬಹಳ. ನಿಮ್ಮ ಊರು, ಮಗುವಿನ ತರಗತಿ, ಚೀಟಿಯಲ್ಲಿ ಬರೆದ ಒಂದು ವಾಕ್ಯ, ಇಷ್ಟೇ ಹೇಳಿ. ಕನ್ನಡ ತಡವರಿಸಿದರೆ ನಾಚಬೇಕಾದುದಿಲ್ಲ; ತಡವರಿಸುತ್ತ ಕೇಳಿದ ನಿಜವಾದ ಪ್ರಶ್ನೆಗೆ ವಿದ್ವಾಂಸರು ಬೆಲೆ ಕೊಡುತ್ತಾರೆ. ಸಭೆಯಲ್ಲಿ ಧೈರ್ಯ ಬಾರದಿದ್ದರೆ, ವೇದಿಕೆಯಿಂದ ಇಳಿದು ಬಂದಾಗ ಮಾತನಾಡಿಸಿ. ಊಟದ ಸಾಲು ಇನ್ನೂ ಒಳ್ಳೆಯ ಸ್ಥಳ. ಹಿಂದೆ ಮುಂದೆ ನಿಂತವರನ್ನು ‘ಯಾವ ಊರು, ಮಕ್ಕಳು ಏನು ಓದುತ್ತಿದ್ದಾರೆ?’ ಎಂದು ವಿಚಾರಿಸಿ. ನಿಮ್ಮ ತೊಡಕನ್ನು ನಿನ್ನೆ ಬಿಡಿಸಿಕೊಂಡ ತಾಯಿಯೊಬ್ಬಳು ಅಲ್ಲಿಯೇ ತಟ್ಟೆ ಹಿಡಿದು ನಿಂತಿರಬಹುದು.

ಮಗುವನ್ನು ಕರೆದೊಯ್ಯಬೇಕೆ? ಒಂದು ದಿನ ಕರೆದೊಯ್ಯಿರಿ, ಆದರೆ ದಿನವೆಲ್ಲ ಕುರ್ಚಿಯಲ್ಲಿ ಕೂರಿಸಬೇಡಿ. ಮೆರವಣಿಗೆಯ ಡೊಳ್ಳು, ಮಳಿಗೆಯ ಚಿತ್ರಗಳು, ಕವಿಗೋಷ್ಠಿಯ ಒಂದೆರಡು ಹಾಡು, ಇಷ್ಟು ಸಾಕು. ಮನೆಯಲ್ಲಿ ಎಂದೂ ಕೇಳದ ಭಾಷೆಯನ್ನು ಸಾವಿರಾರು ಜನ ಸಂತೋಷದಿಂದ ಆಡುತ್ತಿರುವುದನ್ನು ಮಗು ಅಲ್ಲಿ ಕಾಣುತ್ತದೆ. ಕನ್ನಡವೆಂದರೆ ಬರಿಯ ಪರೀಕ್ಷೆಯಲ್ಲ, ಹಬ್ಬವೂ ಹೌದೆಂದು ತಿಳಿದ ಮಗು ಪುಸ್ತಕವನ್ನು ಬೇರೆಯ ಕಣ್ಣಿನಿಂದ ನೋಡುತ್ತದೆ.

ಮರಳಿ ಬಂದ ಮೇಲಿನ ಹದಿನೈದು ದಿನ ಬಹು ಮುಖ್ಯ. ಬಿತ್ತನೆಗೆ ಹದ ಇರುವಂತೆ ಇದಕ್ಕೂ ಹದವಿದೆ. ಆರಿದ ಮೇಲೆ ಬೀಜ ಮೊಳೆಯದು. ಬಂದ ದಿನವೇ ಒಂದು ಪುಸ್ತಕವನ್ನು ತೆರೆಯಿರಿ. ದಿನಕ್ಕೆ ಕಾಲು ಗಂಟೆ, ಒಂದೇ ಹೊತ್ತಿನಲ್ಲಿ, ದೂರದರ್ಶನವನ್ನೂ ಫೋನನ್ನೂ ಮುಚ್ಚಿಟ್ಟು, ಮಗು ಓದಲಿ. ಓದಿದುದನ್ನು ಮನೆಯ ಮಾತಿನಲ್ಲಿ ಹೇಳಲಿ, ನೀವು ಕೇಳಿ. ಮನೆಯ ಮಾತಿನಲ್ಲಿ ಹೇಳಬಲ್ಲುದಾದರೆ ಅರ್ಥವಾಗಿದೆಯೆಂದೇ ತಿಳಿಯಿರಿ. ಕನ್ನಡದಲ್ಲಿ ಹೇಳುವುದು ಅದರ ಹಿಂದೆಯೇ ಬರುತ್ತದೆ. ತಪ್ಪಿದಲ್ಲೆಲ್ಲ ತಡೆಯಬೇಡಿ, ಗದರಲೇಬೇಡಿ. ಹದಿನೈದು ದಿನ ಹೀಗೆ ನಡೆದರೆ ಅದು ಮನೆಯ ವಾಡಿಕೆಯಾಗುತ್ತದೆ.

ತಂದ ಪುಸ್ತಕ ಮುಗಿದಾಗ ಏನು ಮಾಡುವುದು? ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಮಗುವನ್ನು ಕರೆದೊಯ್ಯಿರಿ. 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮವು ಅಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವದ ಅವಕಾಶವನ್ನು ಕಲ್ಪಿಸಿತು. ಸಮ್ಮೇಳನದಲ್ಲಿ ಬರೆದುಕೊಂಡ ಪುಸ್ತಕಗಳ ಹೆಸರನ್ನು ಗ್ರಂಥಪಾಲಕರಿಗೆ ಕೊಡಿ, ತರಿಸಿರೆಂದು ಕೇಳಿ. ಕೇಳುವವರಿಲ್ಲದೆ ಕಪಾಟು ತುಂಬುವುದಿಲ್ಲ. ಒಂದೇ ಬೀದಿಯ ನಾಲ್ಕು ಮನೆಯವರು ಸಮ್ಮೇಳನದಲ್ಲಿ ಒಂದೊಂದು ಬೇರೆ ಬೇರೆ ಪುಸ್ತಕ ಕೊಂಡರೆ, ಬದಲಾಯಿಸಿಕೊಂಡು ನಾಲ್ಕು ತಿಂಗಳು ಓದಬಹುದು. ಹನಿಗೂಡಿದರೆ ಹಳ್ಳ, ಕೆರೆಗಳ ನಾಡಿನವರಾದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಸಮ್ಮೇಳನಗಳಲ್ಲಿ ನಿರ್ಣಯಗಳಾಗುತ್ತವೆ. ಗಡಿನಾಡಿನಲ್ಲಿ ಕನ್ನಡ ಉಳಿಯಬೇಕು, ಬೆಳೆಯಬೇಕು ಎಂದು ಕರತಾಡನವಾಗುತ್ತದೆ. ಆಗಲಿ, ಒಳ್ಳೆಯದೇ. ಆದರೆ ಆ ನಿರ್ಣಯವನ್ನು ಜಾರಿಗೆ ತರುವ ಅಧಿಕಾರಿ ಯಾರು? ಸಂಜೆ ಏಳು ಗಂಟೆಗೆ ಒಲೆಯ ಮುಂದೆಯೋ ಜಗಲಿಯ ಮೇಲೆಯೋ ಮಗುವಿನ ಜೊತೆ ಕಾಲು ಗಂಟೆ ಕೂರುವ ನೀವೇ. ನಿಮ್ಮ ತಾಲ್ಲೂಕಿನ ಮುಂದಿನ ಸಮ್ಮೇಳನದ ದಿನ ಗೊತ್ತಾಗುವವರೆಗೂ ಕಾಯಬೇಡಿ. ಆ ಒಂದು ವಾಕ್ಯದ ಚೀಟಿಯನ್ನು ಈ ವಾರವೇ ಬರೆದಿಡಿ. ಚೀಟಿ ಕೈಯಲ್ಲಿದ್ದವರು ಬರಿಗೈಯಲ್ಲಿ ಮರಳುವುದಿಲ್ಲ.